ಆಯಿಯ ಕೈಯೊಳಗಿನ ಪಾತರಗಿತ್ತಿ

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಒಂದೇ ಹೆಸರಿರಲಿಲ್ಲ. ಹಾಗಾಗಿ ಜಗಳಕ್ಕೂ ಬರವಿರಲಿಲ್ಲ. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದವಳು, ಧಾರವಾಡದ ಕಡೆಯವಳು. ಅಮ್ಮ ಮೈಸೂರಿನವಳು. ಅಪ್ಪ ಇಲ್ಲಿ ಕಾಶಿಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಮನೆಯಲ್ಲೂ ಪಾಠ ಹೇಳಿದ ಹಾಗೇ ಮಾತಾಡುತ್ತಿದ್ದರು. ನಾನು ಗಲ್ಲಿಯಲ್ಲಿ ಆಡಿ ಬೆಳೆದವಳು, ನನ್ನ ಬಾಯಿಗೆ ಮೊದಲು ಬರುತ್ತಿದ್ದದ್ದು ಬನಾರಸಿನ ಹಿಂದಿ. ಮೇಲಿನ ಮಾಳಿಗೆಯಲ್ಲಿ ಮನೆಯ ಒಡತಿ, ಒಬ್ಬ ಬಂಗಾಳಿ ವಿಧವೆ; ಅವರನ್ನು ಇಡೀ ಗಲ್ಲಿ ಪಿಶಿಮಾ ಎಂದೇ, ಅಂದರೆ ಸೋದರತ್ತೆ ಎಂದೇ, ಕರೆಯುತ್ತಿತ್ತು. ಅಪ್ಪನಿಗೆ ಕ್ಯಾಂಪಸ್ಸಿನೊಳಗೆ ಮಾವಿನ ಮರಗಳ ನಡುವೆ ಒಳ್ಳೆಯ ಕ್ವಾರ್ಟರ್ಸ್ ಸಿಗುವುದಿತ್ತು. ಆಯಿ ಬಿಡಲಿಲ್ಲ.

"ಕಾಶಿಗೆ ಬಂದು ಗಂಗಿ ಬಿಟ್ಟು ಕ್ವಾರ್ಟರ್ಸಿನ್ಯಾಗ ಕುಂದರ್ಲೇನು? ನೀವು ಹೋಗ್ರಿ ಬೇಕಾದ್ರ. ನಾ ಮಠದಾಗ ಒಂದು ಮೂಲಿ ಹಿಡೀತೀನಿ."

ಅಮ್ಮ ಆ ಮಾವಿನ ಮರಗಳನ್ನು ಜೀವನಪೂರ್ತಿ ನೆನೆದು ನಿಟ್ಟುಸಿರು ಬಿಟ್ಟಳು. ನಾವು ಬಂದು ಸೇರಿದ್ದು ಜಂಗಮವಾಡಿಗೂ ಕೇದಾರ ಘಾಟಿಗೂ ನಡುವಿನ ಒಂದು ಗಲ್ಲಿಯ ಮನೆಗೆ. ಒಂದು ಕಡೆ ಹೋದರೆ ಕನ್ನಡದ ಮಠ, ಇನ್ನೊಂದು ಕಡೆ ಇಳಿದರೆ ನದಿ. ಮನೆಯ ನಡುವೆ ಪುಟ್ಟ ಅಂಗಳ. ಸುತ್ತ ಎತ್ತರದ ಗೋಡೆಗಳಾದ್ದರಿಂದ ಬಿಸಿಲು ನಡುಮಧ್ಯಾಹ್ನ ಸ್ವಲ್ಪ ಹೊತ್ತು ಬಂದು, ಮುಖ ತೋರಿಸಿ ಹೋಗುತ್ತಿತ್ತು. ಆ ಬಿಸಿಲು ಬೀಳುವ ಮೂಲೆಯಲ್ಲಿ ಆಯಿ ದೊಡ್ಡ ಮಣ್ಣಿನ ಕುಂಡದಲ್ಲಿ ಬಿಲ್ವದ ಗಿಡ ಬೆಳೆಸಿದ್ದಳು. ಕಾಶಿಯಲ್ಲಿ ಬಿಲ್ವಪತ್ರೆಗೆ ಏನು ಕೊರತೆ, ಹೆಜ್ಜೆ ಹೆಜ್ಜೆಗೂ ಮಾರುತ್ತಾರೆ. ಆದರೆ ಮಾರುವವರ ಎಲೆ ಆಯಿಗೆ ಆಗದು, ಯಾರ ಕೈ ತಾಗಿದೆಯೋ, ಎಲ್ಲಿ ತೊಳೆದರೋ ಎಂದು ಅನುಮಾನ. ಬೆಳಿಗ್ಗೆ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಕೂತು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದರ ಮೇಲೆ ತನ್ನ ಗಿಡದ ಪತ್ರಿಯನ್ನೇ ಏರಿಸಬೇಕು. ಪತ್ರಿಗೆ ತೂತಿರಬಾರದು, ಅಂಚು ಹರಿದಿರಬಾರದು.

ತೊಂದರೆ ಏನೆಂದರೆ ಆ ಗಿಡಕ್ಕೆ ಹುಳ ಬೀಳುತ್ತಿತ್ತು. ಮೊದಲು ನೋಡಿದರೆ ಹಕ್ಕಿ ಹಿಕ್ಕೆ ಹಾಕಿದೆ ಅನ್ನಿಸಬೇಕು, ಅಂಥ ಕಪ್ಪು ಬಿಳುಪಿನ ಹುಳ. ಬರಬರುತ್ತ ಹಸಿರಾಗಿ, ಬೆರಳಿನಷ್ಟು ದಪ್ಪವಾಗಿ, ಎಲೆಗಳನ್ನು ಮೇಯ್ದು ಬರೀ ಮುಳ್ಳು ಉಳಿಸುತ್ತಿತ್ತು. ಮುಟ್ಟಿದರೆ ತಲೆಯಿಂದ ಕಿತ್ತಳೆ ಬಣ್ಣದ ಕೊಂಬು ಚಾಚಿ ಒಂದು ಥರ ನಾತ ಬಿಡುತ್ತಿತ್ತು. ಅಮ್ಮ ಸೀಮೆಎಣ್ಣೆ ನೀರು ಚಿಮುಕಿಸೋಣ ಅಂದಳು. ಆಯಿ ಅವಳನ್ನು ನೋಡಿದ ನೋಟಕ್ಕೆ ಆ ಮಾತು ಮತ್ತೆ ಎದ್ದೇಳಲಿಲ್ಲ. ಆಯಿ ಹುಳಗಳನ್ನು ಬಯ್ಯುತ್ತಲೇ, ಒಂದೊಂದನ್ನೂ ಎಲೆಯ ಸಮೇತ ಕಿತ್ತು, ಗಿಡದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸಾಗಿಸುತ್ತಿದ್ದಳು. ಗೋಡೆ ಕಡೆಯ ರೆಂಬೆಗಳು ಹುಳಗಳಿಗೆ, ಅಂಗಳದ ಕಡೆಯವು ಶಿವನಿಗೆ.

"ಏ ಹಾಳಾದವ್ರಾ, ನಿಮ್ಮ ಪಾಲು ಆ ಕಡೆ ಅಂತ ಎಷ್ಟ ಸಲ ಹೇಳಬೇಕು? ಶಿವಗ ಒಂದೆಲಿನೂ ಉಳಸಂಗಿಲ್ಲೇನು?"

ಹೀಗೆ ಬೈಸಿಕೊಂಡ ಹುಳಗಳು ಒಂದು ದಿನ ರೆಂಬೆಗೆ ನೂಲು ಕಟ್ಟಿಕೊಂಡು ಗೂಡಾಗಿ, ಮತ್ತೊಂದು ಮಧ್ಯಾಹ್ನ ಕಪ್ಪು ಹಳದಿ ರೆಕ್ಕೆ ಬಿಚ್ಚಿ ಹೊರಬರುತ್ತಿದ್ದವು. ಆಗ ನಮ್ಮ ಮನೆಯ ಹೆಸರುಗಳೆಲ್ಲ ಅಂಗಳಕ್ಕಿಳಿಯುತ್ತಿದ್ದವು. ಅಮ್ಮ "ಚಿಟ್ಟೆ" ಅನ್ನುವಳು. ಆಯಿ "ಪಾತರಗಿತ್ತಿ" ಅನ್ನುವಳು. ಅಪ್ಪ ಮನೆಯಲ್ಲಿದ್ದರೆ "ಪತಂಗ" ಅನ್ನುವರು. ಬನಾರಸಿನಲ್ಲಿ ಪತಂಗ ಅಂದರೆ ಗಾಳಿಪಟವಾದ್ದರಿಂದ ನಾನು ಥಟ್ಟನೆ ಆಕಾಶ ನೋಡುತ್ತಿದ್ದೆ. ನನಗದು "ತಿತಲಿ". ಮೇಲಿನ ಕಟಕಟೆಯಿಂದ ಬಗ್ಗಿ ಪಿಶಿಮಾ "ಪ್ರೊಜಾಪೊತಿ, ಪ್ರೊಜಾಪೊತಿ" ಎಂದು ಕೂಗುವರು. ಅವರ ಕಡೆ ಅದು ಮದುವೆಯ ದೇವರ ಹೆಸರು, ಲಗ್ನಪತ್ರಿಕೆಯ ಮೇಲೆ ಅದರ ಚಿತ್ರ ಅಚ್ಚು ಹಾಕಿಸುತ್ತಾರೆ, ಯಾರ ಮೇಲೆ ಕೂರುತ್ತದೋ ಅವರಿಗೆ ಮದುವೆ ಕೂಡಿಬರುತ್ತದಂತೆ. ಒಮ್ಮೆ ಅದು ಅವರ ಬಿಳಿ ಸೀರೆಯ ಹೆಗಲ ಮೇಲೇ ಹೋಗಿ ಕೂತಿತು. ನಾನು ಚಪ್ಪಾಳೆ ತಟ್ಟಿ ನಕ್ಕೆ. ಪಿಶಿಮಾ ನಗಲಿಲ್ಲ, ಅದನ್ನು ಕೊಡವಲೂ ಇಲ್ಲ. ಅದು ತಾನಾಗಿ ಏಳುವವರೆಗೂ ಅಲುಗಾಡದೆ ನಿಂತು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಮ್ಮ ನನ್ನ ತಲೆಗೊಂದು ಮೊಟಕಿದಳು.

ಈ ಗದ್ದಲವೆಲ್ಲ ನಡೆಯುತ್ತಿದ್ದದ್ದು ನನ್ನ ತಂಗಿ ನೀಲಾಳ ಬಾಯಿಂದ ಒಂದು ಮಾತು ಹೊರಡಲಿ ಎಂದು. ನೀಲಾ ನನಗಿಂತ ಬಹಳ ಚಿಕ್ಕವಳು. ಅವಳು ಹುಟ್ಟಿದಾಗಿನಿಂದ ನಮ್ಮ ಮನೆಯವರು ಹೆಮ್ಮೆಪಟ್ಟು ಹೇಳಿಕೊಳ್ಳುತ್ತಿದ್ದ ಮಾತೆಂದರೆ, ಎಂಥ ಸದ್ದಿಗೂ ಬೆಚ್ಚದ ಕೂಸು ಇದು. ಘಾಟಿನ ದೇವಸ್ಥಾನದಲ್ಲಿ ಆರತಿಯ ಜಾಗಟೆ ಬಡಿಯಲಿ, ಗಲ್ಲಿಯಲ್ಲಿ ಮದುವೆಯ ಬ್ಯಾಂಡು ಹೋಗಲಿ, ಹೆಣ ಹೊತ್ತವರು ರಾಮನಾಮ ಕೂಗಿಕೊಂಡು ಓಡಲಿ, ಅವಳು ತೊಟ್ಟಿಲಲ್ಲಿ ಹಾಯಾಗಿ ಮಲಗಿರುತ್ತಿದ್ದಳು. ಮೈಸೂರಿನಿಂದ ಬಂದ ಚಿಕ್ಕಮ್ಮನ ಮಗು ಜಾಗಟೆ ಕೇಳಿ ಕಿಟಾರನೆ ಕಿರುಚಿಕೊಂಡಾಗ ಅಮ್ಮ ನೀಲಾಳನ್ನು ತೋರಿಸಿ, "ನಮ್ಮದು ಕಾಶಿಯ ಮಗು ಕಣೆ, ಇದಕ್ಕೆಲ್ಲ ಜಗ್ಗಲ್ಲ" ಎಂದು ಬೀಗಿದ್ದಳು. ಓರಗೆಯ ಮಕ್ಕಳು ವಟವಟ ಮಾತಾಡುತ್ತಿದ್ದರೂ ನೀಲಾ ಬಾಯಿ ಬಿಡಲಿಲ್ಲ. ಹಾಗೆಂದು ದಡ್ಡಿಯಲ್ಲ. ಅಮ್ಮ ಒಲೆಯಿಂದ ಪಾತ್ರೆ ಇಳಿಸಿದರೆ ತಟ್ಟೆ ತಂದಿಡುವಳು. ಆಯಿ ಪೂಜೆಗೆ ಕೂತರೆ ವಿಭೂತಿಯ ಕರಡಿಗೆ ತಂದುಕೊಡುವಳು. ನಮ್ಮ ಮುಖಗಳನ್ನೇ ಕಣ್ಣು ಪಿಳುಕಿಸದೆ ನೋಡುವಳು. ಎಲ್ಲರ ಭಾಷೆಯೂ ಅವಳಿಗೆ ಅರ್ಥವಾಗುತ್ತದೆ, ಆಡುವುದೊಂದೇ ಬಾಕಿ ಎಂದು ನಾವು ನಂಬಿದ್ದೆವು.

ಆಯಿ ಸಾಣೇಕಲ್ಲಿನ ಮೇಲೆ ಬಜೆ ಬೇರು ತೇಯ್ದು, ಜೇನಿನಲ್ಲಿ ಕಲೆಸಿ, ದಿನಾ ಬೆಳಿಗ್ಗೆ ಅವಳ ನಾಲಿಗೆಗೆ ಸವರುತ್ತಿದ್ದಳು. ನೀಲಾ ಮುಖ ಹಿಂಡಿಕೊಂಡು ಜೇನನ್ನಷ್ಟೇ ನುಂಗುತ್ತಿದ್ದಳು. ಮಾತು ಬರದಿದ್ದಾಗ ಅದು ಯಾರಿಂದ ಬರಲಿಲ್ಲ ಅನ್ನುವುದು ಜಗಳವಾಯಿತು.

"ಅತ್ತೆ, ನೀವೊಂದು ಹೇಳ್ತೀರಿ, ನಾನೊಂದು ಹೇಳ್ತೀನಿ, ಮೇಲಿನವರು ಇನ್ನೊಂದು ಕೂಗ್ತಾರೆ. ಮಗು ಯಾವುದನ್ನ ಹಿಡಿಯತ್ತೆ ಪಾಪ?"

"ನಿನ್ನ ಚಿಟ್ಟಿ ಬಾಯಾಗ ಬರೂದರೊಳಗ ಹಾರಿ ಹೋಗ್ತೈತಿ ಸುಮಿತ್ರಾ. ಪಾತರಗಿತ್ತಿ ಅನ್ನು, ಬಾಯಿ ತುಂಬತೈತಿ."

"ನಂಗದು ಪಾತರದವಳು ಅಂದ ಹಾಗೆ ಕೇಳ್ಸತ್ತೆ. ಹೆಣ್ಣುಮಗು ಮುಂದೆ ಅದೆಂಥ ಮಾತು!"

"ಕುಣಿಯೂದಕ್ಕ ಏನ ಮತ್ತ ಆ ಹೆಸರು! ಕುಣಿದ್ರ ಕುಣೀಲಿ. ಮೊದಲ ಮಾತಾಡ್ಲಿ."

ಕೊನೆಗೆ ಅಪ್ಪ ತಮಗೆ ಪರಿಚಯವಿದ್ದ ಒಬ್ಬ ಡಾಕ್ಟರ ಬಳಿ ಅವಳನ್ನು ಕರೆದೊಯ್ದರು. ನಾನೂ ಹೋಗಿದ್ದೆ. ಡಾಕ್ಟರು ಮೊದಲು ಕೇಳಿದ್ದೇ ಕಿವಿಯ ವಿಷಯ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಅಪ್ಪ ನಕ್ಕು, "ಸಬ್ ಸಮಝ್‌ತೀ ಹೈ ಡಾಕ್ಟರ್ ಸಾಹಬ್, ಹರ್ ಬಾತ್" ಅಂದರು. ಎಲ್ಲ ಅರ್ಥವಾಗುತ್ತೆ, ಪ್ರತಿ ಮಾತೂ. ಮನೆಯಲ್ಲಿ ಎಷ್ಟು ಭಾಷೆ ಎಂದು ಡಾಕ್ಟರು ಕೇಳಿದಾಗ ಅಪ್ಪ ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದರು. ಡಾಕ್ಟರು ತಲೆಯಾಡಿಸಿ, ಮಗುವಿಗೆ ಗೊಂದಲವಾಗಿದೆ, ಇನ್ನು ಒಂದೇ ಭಾಷೆ ಆಡಿ, ಶಾಲೆಯಲ್ಲಿ ನಡೆಯುವ ಭಾಷೆ ಆಡಿ ಅಂದರು. ಅಪ್ಪನಿಗೆ ಅದು ಹೊಳೆಯದೇ ಹೋಗಿದ್ದ ಸೂತ್ರ ಸಿಕ್ಕ ಹಾಗಾಯಿತು. ಆ ಸಂಜೆಯೇ ಎಲ್ಲರನ್ನೂ ಕೂರಿಸಿ ಹೇಳಿದರು.

"ಇವತ್ತಿಂದ ಮನ್ಯಾಗ ಹಿಂದಿ ಒಂದ. ಕೂಸಿನ ಮುಂದ ಯಾರೂ ಕನ್ನಡ ಆಡಬಾರದು."

"ನನಗ ಹಿಂದಿ ಎಲ್ಲಿ ಬರತೈತೋ ಈರಣ್ಣಾ? ಕಾಯಿಪಲ್ಲೆ ಮಾರಾಂವನ ಜೋಡಿ ಜಗಳಾಡೋ ಅಷ್ಟ ಬರತೈತಿ. ಮೊಮ್ಮಗಳ ಜೋಡಿ ಬದನಿಕಾಯಿ ಮಾತಾಡ್ಲೇನು?"

"ಹಂಗಾರ ಸ್ವಲ್ಪ ದಿನ ಸುಮ್ಮನಿರವ್ವಾ. ಕೂಸಿನ ಸಲುವಾಗಿ."

ಆಯಿ ಮಗನ ಮುಖ ನೋಡಿದಳು. "ಆತು" ಅಂದಳು. "ಕೂಸಿನ ಸಲುವಾಗಿ."

ಮನೆ ಆಮೇಲೆ ಮನೆಯಾಗಿ ಉಳಿಯಲಿಲ್ಲ. ಹಾಲು ಉಕ್ಕಿದರೆ ಹಾಲಿಗೆ, ಹಲ್ಲಿ ಲೊಚಗುಟ್ಟಿದರೆ ಹಲ್ಲಿಗೆ ಉತ್ತರ ಕೊಡುತ್ತಿದ್ದವಳು ಆಯಿ. ಅವಳೀಗ ಹುಳಗಳನ್ನೂ ಬಾಯಿ ಮುಚ್ಚಿಕೊಂಡೇ ಆಚೆ ಕಡೆಗೆ ಸಾಗಿಸುತ್ತಿದ್ದಳು. ಮಧ್ಯಾಹ್ನವಾದರೆ ಸೆರಗು ಹೊದ್ದು ಮಠದ ಕಡೆ ನಡೆಯುವಳು. ಅಮ್ಮ ತರಕಾರಿಗೆ ಹೋಗುತ್ತಿದ್ದ ಹಾಗೆ ಆಯಿ ಮಾತಿಗೆ ಹೋಗುತ್ತಿದ್ದಳು. ಅಲ್ಲಿಯ ಅಡುಗೆಮನೆಯ ಹೆಂಗಸರ ಜೊತೆ, ಊರಿಂದ ಬಂದ ಯಾತ್ರಿಕರ ಜೊತೆ ಗಂಟಲು ಕಟ್ಟುವಷ್ಟು ಮಾತಾಡಿ, ನಮ್ಮ ಹೊಸ್ತಿಲು ದಾಟುವಾಗ ಮತ್ತೆ ಮೂಕಿಯಾಗುವಳು. ಅಮ್ಮನ ಪಾಡೂ ಚೆನ್ನಾಗಿರಲಿಲ್ಲ. ಅವಳು ಹಿಂದಿ ಕಲಿತಿದ್ದು ರೇಡಿಯೋ ವಾರ್ತೆಯಿಂದ. "ಬೇಟೀ, ಭೋಜನ್ ಗ್ರಹಣ್ ಕೀಜಿಯೇ" ಎಂದು ತುತ್ತು ಹಿಡಿದು ನಿಂತರೆ ಮೇಲೆ ಪಿಶಿಮಾ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು. ಹಿಂದಿಯಲ್ಲಿ ಜೋಗುಳ ಬಾರದೆ ಅಮ್ಮ ಬರೀ ರಾಗ ಗುನುಗಿ ಮಗುವನ್ನು ಮಲಗಿಸುತ್ತಿದ್ದಳು. ಅಪ್ಪ ಕಾಲೇಜಿನಿಂದ ಬಂದು ಸೈಕಲ್ಲು ಒರಗಿಸುತ್ತಲೇ ಕೇಳುತ್ತಿದ್ದ ಪ್ರಶ್ನೆ ಒಂದೇ, "ಕುಛ್ ಬೋಲೀ?" ಏನಾದರೂ ಅಂದಳಾ? ಇಲ್ಲ ಅನ್ನುವ ಕೆಲಸ ನನ್ನ ಪಾಲಿಗೆ ಬಿದ್ದಿತ್ತು. ಆ ಪ್ರಶ್ನೆಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಬಾಯಿ ಕಟ್ಟಿದ ಮೇಲೆ ಆಯಿಯ ಕೈಗಳು ಎದ್ದವು. ಮೊದಮೊದಲು ನಮ್ಮ ಜೊತೆ, ನೀರು ಕೊಡು, ಒಲೆ ನೋಡು ಅನ್ನುವಷ್ಟಕ್ಕೆ. ಆಮೇಲೆ ನೀಲಾಳ ಜೊತೆ. ಎರಡು ಹೆಬ್ಬೆರಳು ಕೊಕ್ಕೆ ಹಾಕಿ, ಅಂಗೈ ಎರಡನ್ನೂ ನಿಧಾನವಾಗಿ ಬಡಿದರೆ ಅದು ಪಾತರಗಿತ್ತಿ. ತೋರುಬೆರಳು ಮೊಣಕೈ ತನಕ ಮುದುಡಿ ಮುದುಡಿ ಹತ್ತಿದರೆ ಹುಳ. ಕಣ್ಣಿನ ಸುತ್ತ ಬೆರಳಿನ ಬಳೆ ಮಾಡಿದರೆ ಕನ್ನಡಕದ ಅಪ್ಪ. ಮೂಗಿನ ಪಕ್ಕ ಬೆರಳಿಟ್ಟರೆ ಮೂಗುತಿಯ ಅಮ್ಮ. ಕಿವಿಯ ಎರಡೂ ಬದಿಗೆ ಜಡೆ ಎಳೆದು ತೋರಿಸಿದರೆ ನಾನು. ಸ್ವಲ್ಪ ದಿನಕ್ಕೆ ನೀಲಾ ಅವನ್ನೆಲ್ಲ ತಿರುಗಿ ಮಾಡತೊಡಗಿದಳು, ಒಂದರ ಪಕ್ಕ ಒಂದನ್ನು ಇಟ್ಟು ಹೊಸದಾಗಿ ಹೇಳತೊಡಗಿದಳು. ಜಡೆಯವಳು ಹುಳ ಮುಟ್ಟಿದಳು ಎಂದು ಆಯಿಯ ಹತ್ತಿರ ನನ್ನ ಮೇಲೆ ಚಾಡಿ ಹೇಳಿದಳು, ಕಳ್ಳಿ! ಆಯಿಗೆ ಮಾತ್ರ ಅವಳೇ ಹೆಸರಿಟ್ಟಳು: ಎಡಗೈಯನ್ನು ಎದೆಯ ಮುಂದೆ ಅಂಗೈ ಮೇಲಾಗಿ ಹಿಡಿದು, ಅದನ್ನೇ ದಿಟ್ಟಿಸಿ ನೋಡುವುದು. ಪೂಜೆಗೆ ಕೂತ ಆಯಿ. ಅದನ್ನು ಮೊದಲು ಕಂಡ ದಿನ ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಮಗದೆಲ್ಲ ಆಟವಾಗಿ ಕಂಡಿತ್ತು. ಮಾತು ಅನ್ನಿಸಲಿಲ್ಲ, ಯಾಕೆಂದರೆ ಅದು ಕನ್ನಡವೂ ಅಲ್ಲ, ಹಿಂದಿಯೂ ಅಲ್ಲ.

ಒಂದು ಮಧ್ಯಾಹ್ನ ಗಿಡದಲ್ಲಿ ಒಂದು ಗೂಡು ಒಡೆದು ಚಿಟ್ಟೆ ಹೊರಬರುತ್ತಿತ್ತು. ನೀಲಾ ನಮಗೆ ಬೆನ್ನು ಹಾಕಿ, ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಊಟದ ಹೊತ್ತು. ಬಾಯಿಬಿಟ್ಟು ಕರೆಯುವ ಹಾಗಿಲ್ಲವಲ್ಲ, ಆಯಿ ಚಪ್ಪಾಳೆ ತಟ್ಟಿದಳು. ನೀಲಾ ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದಳು. ಇಷ್ಟು ದಿನ ಅವಳನ್ನು ಕರೆಯುವುದೆಂದರೆ ಯಾರಾದರೂ ಹೋಗಿ ಎದುರು ನಿಲ್ಲುವುದು, ಇಲ್ಲವೇ ನಾನು ಓಡಿ ಕೈ ಹಿಡಿದು ಎಳೆದು ತರುವುದು. ಆಯಿ ನನಗೆ ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದಳು. ಒಳಗೆ ಹೋಗಿ ಹಿತ್ತಾಳೆಯ ಹರಿವಾಣ ಮತ್ತು ಸೌಟು ತಂದಳು. ನೀಲಾಳ ಬೆನ್ನ ಹಿಂದೆಯೇ ನಿಂತು ಬಾರಿಸಿದಳು. ನಾನು ಕಿವಿ ಮುಚ್ಚಿಕೊಂಡೆ. ಮೇಲೆ ಪಿಶಿಮಾ "ಕೀ ಹೊಲೋ?" ಏನಾಯ್ತು ಎಂದು ಓಡಿ ಬಂದರು. ಮಾಳಿಗೆಯ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ನೀಲಾ ಕೂತ ಹಾಗೇ ಕೂತಿದ್ದಳು. ಪಾರಿವಾಳಗಳ ನೆರಳು ಅಂಗಳದ ಮೇಲೆ ಹಾದಾಗಷ್ಟೇ ತಲೆ ಎತ್ತಿ ಆಕಾಶ ನೋಡಿ, ಮತ್ತೆ ಚಿಟ್ಟೆಯ ಕಡೆ ತಿರುಗಿದಳು.

ಆಯಿಯ ಕೈಯಿಂದ ಹರಿವಾಣ ಜಾರಿತು. ಮಗುವಿನ ಮುಂದೆಯೇ ಬಾಯಿ ತೆರೆದಳು.

"ಸುಮಿತ್ರಾ, ಬಾರವಾ ಇಲ್ಲಿ. ಕೂಸಿಗೆ ಕಿವಿ ಕೇಳಂಗಿಲ್ಲ."

ಅಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ನಂಬಲಿಲ್ಲ. ಬೆನ್ನ ಹಿಂದೆ ಮಂಡಿಯೂರಿ ಕೂತು ಮೆಲ್ಲಗೆ ಕರೆದಳು, ಜೋರಾಗಿ ಕರೆದಳು. "ನೀಲಾ, ಚಿನ್ನಾ, ಇಲ್ನೋಡು ಪುಟ್ಟಿ, ಚಿಟ್ಟೆ ಬಂತಾ, ಚಿಟ್ಟೆ?" ತಡೆದಿಟ್ಟ ಕನ್ನಡವೆಲ್ಲ ಒಟ್ಟಿಗೆ ಬಂತು. ಒಂದೂ ಮುಟ್ಟಲಿಲ್ಲ. ಅಮ್ಮ ನೆಲದ ಮೇಲೆ ಕೂತೇಬಿಟ್ಟಳು. ಯಾವ ಹೆಸರು ಸರಿ ಎಂದು ಇಷ್ಟು ವರ್ಷ ಕಿತ್ತಾಡಿದ್ದೆವು. ಅವಳಿಗೆ ಯಾವುದೂ ಕೇಳಿಸಿಯೇ ಇರಲಿಲ್ಲ. ಅಪ್ಪ ಸಂಜೆ ಬಂದು ಎಂದಿನ ಪ್ರಶ್ನೆ ಕೇಳಿದರು. ಆಯಿ ಹರಿವಾಣವನ್ನೂ ಸೌಟನ್ನೂ ಅವರ ಕೈಗೆ ಕೊಟ್ಟಳು.

ಪರೀಕ್ಷೆಗಳಾದವು. ಒಂದು ಕಿವಿಯಲ್ಲಿ ಏನೋ ಒಂಚೂರು ಇದೆ, ಇನ್ನೊಂದರಲ್ಲಿ ಅದೂ ಇಲ್ಲ ಅಂದರು. ಎದೆಯ ಮೇಲೆ ಡಬ್ಬಿ, ಕಿವಿಗೆ ವಯರು ಇದ್ದ ಯಂತ್ರ ಬಂತು. ಮಾತು ಕಲಿಸಲು ಒಬ್ಬ ಟೀಚರಮ್ಮ ಮನೆಗೆ ಬರತೊಡಗಿದರು. ಕೆಟ್ಟವರಲ್ಲ, ಆ ಕಾಲದಲ್ಲಿ ಎಲ್ಲರೂ ನಂಬಿದ್ದನ್ನೇ ಅವರೂ ನಂಬಿದ್ದರು. "ಹಾಥ್ ಚಲೇಗಾ ತೋ ಝುಬಾನ್ ನಹೀಂ ಚಲೇಗೀ" ಅಂದರು. ಕೈ ಆಡಿದರೆ ನಾಲಿಗೆ ಆಡುವುದಿಲ್ಲ. ಯಾರೂ ಇವಳ ಜೊತೆ ಸನ್ನೆ ಮಾಡಬೇಡಿ, ಇವಳು ಸನ್ನೆ ಮಾಡಿದರೆ ಮುಖ ತಿರುಗಿಸಿ, ಬಾಯಿ ತೆರೆಯುವವರೆಗೆ ಏನೂ ಕೊಡಬೇಡಿ. ಅಪ್ಪನಿಗೆ ಇನ್ನೊಂದು ಸೂತ್ರ ಸಿಕ್ಕಿತು. ಈಗ ಎಲ್ಲರೂ ಕನ್ನಡ ಮಾತಾಡಬಹುದಿತ್ತು, ಕೈ ಮಾತ್ರ ಸುಮ್ಮನಿರಬೇಕು. ನೀಲಾ ನೀರಿಗೆಂದು ಹೆಬ್ಬೆರಳು ಬಾಯಿಗೆ ಒಯ್ದರೆ ಅಮ್ಮ ಕಣ್ಣೀರು ಸುರಿಸುತ್ತ ಗೋಡೆ ನೋಡುತ್ತಿದ್ದಳು. ನೀಲಾಗೆ ಏನೂ ಅರ್ಥವಾಗುತ್ತಿರಲಿಲ್ಲ. ಅಂಗಳದ ನಡುವೆ ನಿಂತು ಒಬ್ಬೊಬ್ಬರ ಹೆಸರನ್ನೂ ಮಾಡುವಳು, ಕನ್ನಡಕ, ಮೂಗುತಿ, ಜಡೆ, ಯಾರಾದರೂ ತಿರುಗುತ್ತೇವೇನೋ ಎಂದು. ಈಗ ಅವಳು ಗಂಗೆಯಾಚೆಯ ರಾಮನಗರದ ತನ್ನ ಮನೆಯಿಂದ ಫೋನಿನ ಪರದೆಯಲ್ಲಿ ಎರಡೂ ಕೈಯಾಡಿಸಿ ನನ್ನನ್ನು ದಬಾಯಿಸುವಾಗೆಲ್ಲ ನನಗೆ ಆ ಅಂಗಳದ ಮಗು ನೆನಪಾಗುತ್ತದೆ.

ಒಂದು ಭಾನುವಾರ, ಅಡುಗೆಯಾಗಿ ತಟ್ಟೆ ಹಾಕುವ ಹೊತ್ತಿಗೆ, ನೀಲಾ ಆಯಿಯ ಮುಂದೆ ಹೋಗಿ ನಿಂತಳು. ಆಯಿ ಎರಡೂ ಕೈಗಳನ್ನು ಸೆರಗಿನೊಳಗೆ ಹುದುಗಿಸಿ ಕೂತಿದ್ದಳು, ಟೀಚರಮ್ಮ ಹೇಳಿದ ಹಾಗೆ. ನೀಲಾ ಎಡಗೈ ಎದೆಯ ಮುಂದೆ ಹಿಡಿದು ಆಯಿಯ ಹೆಸರು ಕರೆದಳು. ಆಯಿ ಕಣ್ಣು ಮುಚ್ಚಿಕೊಂಡಳು. ಆಗ ನೀಲಾ ಆಯಿಯ ಮಡಿಲಿಗೇ ಹತ್ತಿ, ಸೆರಗು ಸರಿಸಿ, ಒಳಗಿದ್ದ ಕೈಗಳನ್ನು ಒಂದೊಂದಾಗಿ ಹೊರಗೆಳೆದಳು.

"ಅವ್ವಾ, ಬ್ಯಾಡ" ಅಂದರು ಅಪ್ಪ. "ಕೈ ಒಳಗಿಡು."

ಆಯಿ ಕಣ್ಣು ಬಿಟ್ಟಳು. ಅವಳು ಮಗನಿಗೆ ಗದರಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಬಾಯಿ ಕಟ್ಟು ಅಂದಿ, ಕಟ್ಟಿದೆ. ಕೂಸಿನ ಸಲುವಾಗಿ ಅಂದಿ. ಈಗ ಕೈ ಕಟ್ಟು ಅಂತಿ. ಕಟ್ಟಂಗಿಲ್ಲೋ ಈರಣ್ಣಾ, ಇದೂ ಕೂಸಿನ ಸಲುವಾಗೇ. ಅಕಿ ಬಾಯಿಂದ ಕಲೀತಾಳ, ಕಲೀಲಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಅಕಿ ದಿನಾ ಇಡೀ ಮಾತಾಡ್ತಾಳ. ಒಂದ ದಿನಾನೂ ನೀ ತಿರುಗಿ ಮಾತಾಡ್ಸಿಲ್ಲ ನಿನ್ನ ಮಗಳನ್ನ."

ಅಮ್ಮ ಬಡಿಸಿದಳು. ಎಲ್ಲರೂ ತಲೆ ತಗ್ಗಿಸಿ ಉಣ್ಣತೊಡಗಿದೆವು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕಲೆಸಿದ ಅನ್ನವನ್ನು ಹಾಗೇ ಬಿಟ್ಟು, ಎದುರು ಕೂತಿದ್ದ ನೀಲಾಳ ಕಡೆ ಬಗ್ಗಿದರು. ಅವಳು ನೋಡುವವರೆಗೂ ಕಾದರು. ಐದು ಬೆರಳು ಕೂಡಿಸಿ ಬಾಯಿಗೆ ಒಯ್ದು, ಆಮೇಲೆ ಅಂಗೈ ತಿರುವಿ ಹುಬ್ಬೇರಿಸಿದರು. ಊಟ ಹೇಗಿದೆ? ಮಾಡಿದ್ದು ಒರಟಾಗಿತ್ತು. ನೀಲಾ ಆಯಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ನಿಜವಾಗಿ ತನ್ನನ್ನೇ ಕೇಳುತ್ತಿದ್ದಾರೆಯೇ ಎಂದು ಅಪ್ಪನನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ತಟ್ಟೆಯ ಮೇಲೆ ಮೂರು ಬೆರಳಲ್ಲಿ ಚಿಟಿಕೆ ಉದುರಿಸಿದ ಹಾಗೆ ಮಾಡಿ, ಮುಖ ಸಿಂಡರಿಸಿ, ಕೈ ಆಡಿಸಿದಳು.

"ಏನಂತೆ?" ಅಮ್ಮ ಸೌಟು ಹಿಡಿದೇ ಬಗ್ಗಿದಳು. "ರೀ, ಏನಂದಳು?"

ಅಪ್ಪ ನೀಲಾಳಿಂದ ಕಣ್ಣು ತೆಗೆಯದೆಯೇ ಹೇಳಿದರು.

"ಸಾರಿಗೆ ಉಪ್ಪಿಲ್ಲಂತ."

ಅಮ್ಮ ಬೆರಳು ಅದ್ದಿ ನೆಕ್ಕಿದಳು. "ಅಯ್ಯೋ, ಹೌದಲ್ರೀ! ಹಾಕೇ ಇಲ್ಲ!" ಅಷ್ಟು ಜನ ಅರ್ಧ ಊಟ ಮುಗಿಸಿದ್ದೆವು, ಒಬ್ಬರಿಗೂ ಗೊತ್ತಾಗಿರಲಿಲ್ಲ. ಅಮ್ಮ ಉಪ್ಪು ತರಲು ಒಳಗೆ ಓಡಿದಳು, ಉಪ್ಪು ತರದೆ ಅಲ್ಲೇ ನಿಂತು ಬಿಕ್ಕಿದಳು. ಅಪ್ಪ ಉಪ್ಪಿಗೆ ಕಾಯಲಿಲ್ಲ. ಮಗಳನ್ನು ಇನ್ನೊಂದು ಪ್ರಶ್ನೆ ಕೇಳಬೇಕೆಂದು ಎಂಜಲು ಕೈಯನ್ನೂ ಸೇರಿಸಿ ಎರಡೂ ಕೈ ಮೇಲೆತ್ತಿದ್ದರು.